ಅಕ್ಟೋಬರ್ ಮೂವತ್ತೊಂದರ ತನಕ

ಮೋರ್ಕಮ್
8 ಫೆಬ್ರವರಿ 2009

ಕ್ಲಿಫ್,

ನಿನ್ನ ಕಾಗದ ಬಂತು. ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಕಿರುಚಾಡುತ್ತೇವೆ, ವಕೀಲರ ಮೂಲಕ ಮಾತಾಡಿದರೆ ಒಂದೊಂದು ಸಾಲಿಗೂ ಅವರು ಬಿಲ್ಲು ಹಾಕುತ್ತಾರೆ, ಆದ್ದರಿಂದ ಇನ್ನು ಕಾಗದದಲ್ಲೇ ವ್ಯವಹಾರ ಎಂದಿದ್ದೀಯ. ಆಗಲಿ. ಇಪ್ಪತ್ತಾರು ವರ್ಷದಲ್ಲಿ ನೀನು ನನಗೆ ಬರೆದ ಮೊದಲ ಕಾಗದ ಇದು. ಅದೂ ಮನೆಸಾಲದ ಬಗ್ಗೆ.

ನೀನು ಕೇಳುತ್ತಿರುವುದು ಇಷ್ಟು. ಮನೆ ನನಗಿರಲಿ, ಆದರೆ ಅದರ ಸಾಲದಿಂದ ನಿನ್ನ ಹೆಸರು ತೆಗೆಸಬೇಕು. ಈಗಿನ ಬ್ಯಾಂಕಿನವರು ಶಾಲೆಯ ಅಡುಗೆಯವಳ ಸಂಬಳ ನಂಬಿ ಒಬ್ಬಳ ಹೆಸರಿನಲ್ಲಿ ಅಷ್ಟು ಸಾಲ ಇಡುವುದಿಲ್ಲ. ಅದಕ್ಕೆ ನಾನು ಬೇರೆ ಬ್ಯಾಂಕು ಹುಡುಕಿ, ಅಲ್ಲಿ ನನ್ನ ಹೆಸರಿಗೆ ಸಾಲ ಪಡೆದು, ಇಲ್ಲಿಯದನ್ನು ಚುಕ್ತಾ ಮಾಡಬೇಕು. ಆಗ ನೀನು ಸ್ವತಂತ್ರ. ನನ್ನ ಅಭ್ಯಂತರ ಏನೂ ಇಲ್ಲ.

ಆದರೆ ನೀನು ಒಂದು ಮರೆತಿದ್ದೀಯ. ಮರೆಯದೆ ಏನು, ನೀನು ಯಾವ ಕಾಗದ ಓದಿದವನು? 2004ರಲ್ಲಿ ಐದು ವರ್ಷಕ್ಕೆ ಬಡ್ಡಿ ಏರಿಳಿಯದಂತೆ ಗಟ್ಟಿ ಮಾಡಿಸಿಕೊಂಡು ಸಹಿ ಹಾಕಿದೆವಲ್ಲ, ಬ್ಯಾಂಕಿನ ಹುಡುಗಿ ಎಲ್ಲವನ್ನೂ ಓದಿ ಹೇಳುವಾಗ ನೀನು ಅಲ್ಲಿಯ ಮೀನಿನ ತೊಟ್ಟಿ ನೋಡುತ್ತಾ ಕೂತಿದ್ದೆ. ನಾನು ಕೇಳಿಸಿಕೊಂಡೆ. 2009ರ ಅಕ್ಟೋಬರ್ ಮೂವತ್ತೊಂದು ಮುಗಿಯುವ ಮೊದಲು ಸಾಲ ತೀರಿಸಿ ಬೇರೆ ಕಡೆ ಹೋದರೆ ನೂರಕ್ಕೆ ಮೂರರಂತೆ ದಂಡ. ನಮ್ಮ ಸಾಲ ಇನ್ನೂ ಎಂಬತ್ತು ಸಾವಿರ ಇದೆ. ಎರಡು ಸಾವಿರದ ನಾನೂರು ಪೌಂಡು ಬ್ಯಾಂಕಿಗೆ ಉಡುಗೊರೆ ಕೊಡುವಷ್ಟು ನಾವು ಯಾವಾಗ ಶ್ರೀಮಂತರಾದೆವು?

ಆದ್ದರಿಂದ ಕಾಯೋಣ. ಒಂಬತ್ತು ತಿಂಗಳು. ನನಗೇನೂ ಅವಸರವಿಲ್ಲ, ನಿನಗೆ ಯಾಕೆ ಎಂದು ನಾನು ಕೇಳುವುದಿಲ್ಲ. ಬ್ಯಾಂಕಿನ ತಿಂಗಳ ಪತ್ರ ಎಂದಿನಂತೆ ಬರುತ್ತಿದೆ, ಲಕೋಟೆಯ ಮೇಲೆ ಶ್ರೀ ಸಿ. ಮತ್ತು ಶ್ರೀಮತಿ ಜಿ. ಟೌನ್ಲಿ ಎಂದೇ ಇದೆ. ಬಿಸ್ಕತ್ತಿನ ಡಬ್ಬಿಯಲ್ಲಿ ತಾರೀಕಿನ ಪ್ರಕಾರ ಜೋಡಿಸಿಡುತ್ತಿದ್ದೇನೆ.

ಪಕ್ಕದ ಮನೆಯ ಡೊರೀನ್ ನಿನ್ನನ್ನು ಕಾರ್ನ್‌ಫೋರ್ತ್ ಸಂತೆಯಲ್ಲಿ ನೋಡಿದಳಂತೆ. ಕೊರಳಿಗೆ ಸಾಸಿವೆ ಬಣ್ಣದ ಕೈಹೆಣಿಗೆಯ ಮಫ್ಲರ್ ಸುತ್ತಿಕೊಂಡಿದ್ದೆಯಂತೆ. ಉಣ್ಣೆ ಮೈಗೆ ಕಚ್ಚುತ್ತದೆ ಎಂದು ನಾನು ಹೆಣೆದ ಎರಡು ಸ್ವೆಟರು ಮುಟ್ಟದೆ ಇಟ್ಟವನು ನೀನು. ಈಗ ಕಚ್ಚುವುದಿಲ್ಲ ಎಂದು ಕೇಳಿ ಸಂತೋಷವಾಯಿತು.

ಇಂತಿ,
ಗ್ಲೆಂಡಾ ಟೌನ್ಲಿ

*

ಕಾರ್ನ್‌ಫೋರ್ತ್
22 ಫೆಬ್ರವರಿ 2009

ಗ್ಲೆಂಡಾ,

ಅವಸರ ಯಾಕೆ ಎಂದು ಕೇಳುವುದಿಲ್ಲ ಎಂದೆ. ಆದರೂ ಹೇಳುತ್ತೇನೆ.

ಇಲ್ಲಿ ಡೆನೀಸ್ ಕೆಲಸ ಮಾಡುವ ಉಣ್ಣೆ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಾವಿಬ್ಬರೂ ಬಾಡಿಗೆಗಿದ್ದೇವೆ. ಮೆಟ್ಟಿಲು ಕಡಿದಾಗಿದೆ, ನನ್ನ ಮೊಣಕಾಲು ನಿನಗೆ ಗೊತ್ತೇ ಇದೆ. ಬಾಯ್ಲರು ರಿಪೇರಿಯ ಸಾಮಾನು ಹೊತ್ತು ದಿನಕ್ಕೆ ನಾಲ್ಕು ಸಲ ಹತ್ತಿಳಿಯುತ್ತೇನೆ. ಗ್ರೇಂಜ್‌ನಲ್ಲಿ ಒಂದು ಪುಟ್ಟ ಬಂಗಲೆ ಮಾರಾಟಕ್ಕಿದೆ, ಮೆಟ್ಟಿಲೇ ಇಲ್ಲ. ಅಲ್ಲಿಯ ಮುದುಕ ಮಗಳ ಮನೆಗೆ ಹೋಗುವವನು, ಏಪ್ರಿಲ್ ಕೊನೆಯ ತನಕ ಬೇರೆಯವರಿಗೆ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ಆದರೆ ನಿನ್ನ ಮನೆಯ ಸಾಲದಲ್ಲಿ ನನ್ನ ಹೆಸರಿರುವ ತನಕ ಯಾವ ಬ್ಯಾಂಕೂ ನನಗೆ ಇನ್ನೊಂದು ಸಾಲ ಕೊಡುವುದಿಲ್ಲ. ಮೂರು ಕಡೆ ಕೇಳಿದೆ. ಮೂರು ಕಡೆಯೂ ಅದೇ ಮಾತು.

ದಂಡವನ್ನು ಅರ್ಧರ್ಧ ಹಾಕಿಕೊಳ್ಳೋಣ. ನಿನ್ನ ಪಾಲು ಸಾವಿರದ ಇನ್ನೂರು. ಯೋಚಿಸು.

ಮಫ್ಲರು ಕಚ್ಚುತ್ತದೆ.

ಕ್ಲಿಫ್

*

ಮೋರ್ಕಮ್
3 ಮಾರ್ಚ್ 2009

ಕ್ಲಿಫ್,

ಯೋಚಿಸಿದೆ. ಆಗುವುದಿಲ್ಲ. ಸಾವಿರದ ಇನ್ನೂರು ಎಂದರೆ ನನ್ನ ಒಂದೂವರೆ ತಿಂಗಳ ಸಂಬಳ. ಅಕ್ಟೋಬರ್ ತನಕ ಸುಮ್ಮನೆ ಕೂತರೆ ಒಂದು ಪೆನ್ನಿಯೂ ಕೊಡಬೇಕಿಲ್ಲ. ಸುಮ್ಮನೆ ಕೂರುವುದು ಅಷ್ಟು ಕಷ್ಟವೇ? ನೀನು ಮನೆ ಬಿಟ್ಟ ಆಗಸ್ಟಿನಿಂದ ನಾನು ಕೂತಿದ್ದೇನೆ.

ಊರು ಯಾವುದಾದರೂ ಆಗಬಹುದಿತ್ತು. ಕೆಂಡಲ್ ಇದೆ, ಲ್ಯಾಂಕಸ್ಟರ್ ಇದೆ. ಗ್ರೇಂಜೇ ಯಾಕೆ? ಪ್ರತಿ ಈಸ್ಟರ್ ಸೋಮವಾರ ರೈಲು ಹತ್ತಿ ಅಲ್ಲಿಗೆ ಹೋಗಿ, ಬಾತುಗಳಿಗೆ ಬ್ರೆಡ್ಡು ಹಾಕಿ, ಸ್ಟೇಷನ್ ಎದುರಿನ ಅಂಗಡಿಯಲ್ಲಿ ಬನ್ನು ತಿಂದು ಬರುತ್ತಿದ್ದವರು ಯಾರು? ಒಂದು ಸಲ ಮೋಡ ಮುಚ್ಚಿದ್ದಾಗ ನೀನು ಹೇಳಿದೆ, ವಯಸ್ಸಾದ ಮೇಲೆ ಇಲ್ಲೇ ಇರೋಣ ಎಂದು. ಯಾರ ಜೊತೆ ಎಂದು ಆಗ ಹೇಳಲಿಲ್ಲ, ಅದು ನನ್ನದೇ ತಪ್ಪು ತಿಳುವಳಿಕೆ.

ನಿನ್ನೆ ಕೆಲಸ ಮುಗಿಸಿ ಸಮುದ್ರದ ದಂಡೆಯ ಬೆಂಚಿನ ಮೇಲೆ ಕೂತಿದ್ದೆ. ನೀರು ಇಳಿದಿತ್ತು. ಕೊಲ್ಲಿಯ ಆಚೆ ಗ್ರೇಂಜ್ ಬಿಳಿಬಿಳಿಯಾಗಿ ಕಾಣುತ್ತಿತ್ತು, ಮನೆಗಳನ್ನು ಎಣಿಸಬಹುದಿತ್ತು. ನೀವು ಅಲ್ಲಿ ಹೋಗಿ ಕೂತರೆ ನಾನು ಪ್ರತಿ ಸಂಜೆ ಈ ಬೆಂಚಿನಿಂದ ನಿಮ್ಮ ಮನೆಯ ದೀಪ ನೋಡಿಕೊಂಡು ದಂಡೆಯ ಅಂಗಡಿಯ ಸೀಗಡಿ ತಿನ್ನಬೇಕು, ಅಲ್ಲವೇ?

ಆಕೆ ಮೊಣಕಾಲಿಗೆ ಬಿಸಿನೀರಿನ ಚೀಲ ಇಡುತ್ತಾಳೋ ಇಲ್ಲವೋ. ಇಡದಿದ್ದರೆ ಇಡಲಿ. ಇಡುತ್ತಿದ್ದರೆ ನನಗೆ ಹೇಳಬೇಡ.

ಇಂತಿ,
ಗ್ಲೆಂಡಾ ಟೌನ್ಲಿ

*

ಕಾರ್ನ್‌ಫೋರ್ತ್
19 ಮಾರ್ಚ್ 2009

ಶ್ರೀಮತಿ ಟೌನ್ಲಿ ಅವರಿಗೆ,

ನನ್ನಿಂದ ಕಾಗದ ಬಂದರೆ ನಿಮಗೆ ಹಿತವಾಗದು ಎಂದು ಗೊತ್ತು. ಕ್ಲಿಫ್‌ಗೆ ತಿಳಿಸಿಯೇ ಬರೆಯುತ್ತಿದ್ದೇನೆ. ಉಣ್ಣೆ ಅಂಗಡಿಗೆ ಬರುವ ಮೊದಲು ಹನ್ನೊಂದು ವರ್ಷ ಕೆಂಡಲ್‌ನಲ್ಲಿ ಮನೆಸಾಲ ಕೊಡುವ ಸಂಸ್ಥೆಯೊಂದರ ಕೌಂಟರಿನಲ್ಲಿದ್ದೆ. ಆ ಅನುಭವದ ಮೇಲೆ ಎರಡು ಮಾತು.

ದಂಡ ಪೂರ್ತಿ ನಾನೇ ಕೊಡುತ್ತೇನೆ. ನಮ್ಮ ತಾಯಿ ಬಿಟ್ಟುಹೋದ ಗಾಲಿಮನೆ ಕ್ಯಾರವಾನ್ ಮಾರಿದ ದುಡ್ಡು ನನ್ನ ಹತ್ತಿರ ಇದೆ. ಇನ್ನೊಂದು, ವರ್ಷಕ್ಕೆ ಸಾಲದ ಹತ್ತರಲ್ಲೊಂದು ಪಾಲನ್ನು ದಂಡವಿಲ್ಲದೆ ಮೊದಲೇ ಕಟ್ಟಬಹುದು, ನಿಮ್ಮ ಒಪ್ಪಂದದಲ್ಲೂ ಆ ಸಾಲು ಇದ್ದೇ ಇರುತ್ತದೆ. ನಮ್ಮ ಉಳಿತಾಯದಿಂದ ಎಂಟು ಸಾವಿರ ಮೊದಲು ಕಟ್ಟಿಬಿಡೋಣ, ನಿಮ್ಮ ಹೊಸ ಸಾಲ ಬಂದಾಗ ಹಿಂದಿರುಗಿಸಿ. ದಂಡದಲ್ಲಿ ಇನ್ನೂರ ನಲವತ್ತು ಪೌಂಡು ಉಳಿಯುತ್ತದೆ.

ಈಗ ನೀವು ಕಟ್ಟುತ್ತಿರುವ ಬಡ್ಡಿ ಐದು ಮುಕ್ಕಾಲಿಗೂ ಮೇಲೆ. ಈ ಚಳಿಗಾಲದಲ್ಲಿ ಬಡ್ಡಿ ಎಷ್ಟು ಇಳಿದಿದೆ ಎಂದರೆ, ಬೇರೆ ಕಡೆ ನಾಲ್ಕೂ ಕಾಲಿಗೆ ಸಿಗುತ್ತದೆ. ಬದಲಿಸಿದ ಮರುತಿಂಗಳಿಂದಲೇ ನಿಮಗೆ ನೂರು ಪೌಂಡಿಗೂ ಹೆಚ್ಚು ಉಳಿಯುತ್ತದೆ. ದಂಡ ನಮ್ಮದು, ಉಳಿತಾಯ ನಿಮ್ಮದು. ನೀವು ಕಳೆದುಕೊಳ್ಳುವುದು ಏನೂ ಇಲ್ಲ.

ವಿಶ್ವಾಸದಿಂದ,
ಡೆನೀಸ್ ಫೆಲ್

*

ಮೋರ್ಕಮ್
24 ಮಾರ್ಚ್ 2009

ಡೆನೀಸ್ ಫೆಲ್ ಅವರಿಗೆ,

ನಿಮ್ಮ ಲೆಕ್ಕವನ್ನು ಮೂರು ಸಲ ಹಾಕಿ ನೋಡಿದೆ. ಒಂದು ಪೆನ್ನಿಯೂ ತಪ್ಪಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ನೀವು ಪೆದ್ದಿಯಾಗಿರುತ್ತೀರಿ ಎಂದುಕೊಂಡಿದ್ದೆ, ತುಟಿಗೆ ಬಣ್ಣ ಬಳಿದುಕೊಂಡು ಗಂಡಸರ ಜೋಕಿಗೆ ನಗುವವರು ಎಂದು. ಅಂಥವಳಿಗೆ ಸೋತಿದ್ದರೆ ಸಮಾಧಾನ ಇರುತ್ತಿತ್ತು. ಬಡ್ಡಿ ಲೆಕ್ಕ ಬರುವ ಹೆಂಗಸು ಅವನಿಗೆ ಆಗಲೇ ಒಬ್ಬಳಿದ್ದಳು.

ಹತ್ತರಲ್ಲೊಂದು ಪಾಲಿನ ಸಾಲು ನಮ್ಮ ಒಪ್ಪಂದದಲ್ಲಿ ಇದೆ, ಹದಿನಾಲ್ಕನೇ ಪುಟದಲ್ಲಿ. ನಾನೇ ಅದನ್ನು ಐದು ವರ್ಷದಿಂದ ಮರೆತಿದ್ದೆ. ಅದೂ ನಿಮ್ಮಿಂದ ತಿಳಿಯಬೇಕಾಯಿತು.

ನಿಮ್ಮ ತಾಯಿಯ ಕ್ಯಾರವಾನಿನ ದುಡ್ಡು ನಿಮ್ಮ ಹತ್ತಿರವೇ ಇರಲಿ. ದುಡ್ಡು ಕೊಟ್ಟು ಬಿಡಿಸಿಕೊಂಡು ಹೋಗಲು ನಾನು ಅವನನ್ನು ಅಡವಿಟ್ಟುಕೊಂಡಿಲ್ಲ. ಒಪ್ಪಂದದಲ್ಲಿ ಅಕ್ಟೋಬರ್ ಮೂವತ್ತೊಂದು ಎಂದು ಇದೆ. ಅದರ ತನಕ ನಾನು ಕದಲುವುದಿಲ್ಲ. ನನಗೆ ತಿಂಗಳಿಗೆ ನೂರು ಪೌಂಡು ಹೋಗುತ್ತದೆ ಎಂದರೆ ಹೋಗುತ್ತದೆ. ಪಕ್ಕದ ಡೊರೀನಳದು ಬ್ಯಾಂಕಿನ ದರದ ಜೊತೆ ಏರಿಳಿಯುವ ಸಾಲ, ಈಗ ಅರ್ಧಕ್ಕರ್ಧ ಇಳಿದು, ಪ್ರತಿ ತಿಂಗಳು ಬೇಲಿಯ ಮೇಲಿಂದ ಎಷ್ಟು ಉಳಿಯಿತು ಎಂದು ಹೇಳುತ್ತಾಳೆ. ಅದನ್ನೂ ಕೇಳಿಸಿಕೊಂಡು ನಗುತ್ತಿದ್ದೇನೆ. ಹೊಟ್ಟೆ ಉರಿಯಲು ನನಗೆ ನೀವೊಬ್ಬರೇ ಬೇಕೆಂದಿಲ್ಲ.

ಇಂತಿ,
ಗ್ಲೆಂಡಾ ಟೌನ್ಲಿ

*

ಕಾರ್ನ್‌ಫೋರ್ತ್
4 ಮೇ 2009

ಗ್ಲೆಂಡಾ,

ಬಂಗಲೆ ಹೋಯಿತು. ಮುದುಕ ಏಪ್ರಿಲ್ ಮೂವತ್ತರ ತನಕ ಕಾದ. ಒಂದನೇ ತಾರೀಕು ಪ್ರೆಸ್ಟನ್‌ನ ಗಂಡ ಹೆಂಡತಿ ಬಂದು ಕೈಯಲ್ಲಿ ಬ್ಯಾಂಕಿನ ಒಪ್ಪಿಗೆ ಪತ್ರ ಹಿಡಿದು ನಿಂತರು. ಅವನು ನನಗೆ ಫೋನು ಮಾಡಿ ಕ್ಷಮೆ ಕೇಳಿದ. ಅವನು ಯಾಕೆ ಕೇಳಬೇಕು?

ನಾನು ಕಾಗದ ಓದುವವನಲ್ಲ, ಒಪ್ಪುತ್ತೇನೆ. ಆದರೆ ಡೆನೀಸ್ ಬರೆದದ್ದನ್ನು ಓದಿದೆ, ನೀನು ಉತ್ತರ ಬರೆದದ್ದನ್ನೂ ಓದಿದೆ. ನೀನು ಕಾಯುತ್ತಿರುವುದು ದಂಡ ತಪ್ಪಿಸುವುದಕ್ಕಲ್ಲ. ದಂಡ ಕೊಡುತ್ತೇವೆ ಎಂದರೂ ಬೇಡ ಎಂದೆ. ತಿಂಗಳಿಗೆ ನೂರು ಪೌಂಡು ಕೈಯಿಂದ ಕೊಟ್ಟು ನನ್ನನ್ನು ಆ ಲಕೋಟೆಯ ಮೇಲೆ ಇಟ್ಟುಕೊಂಡಿದ್ದೀಯ. ಹಿಂದೆ ಅಂಗಡಿಯಲ್ಲಿ ಎರಡು ಪೆನ್ನಿ ಕಡಿಮೆ ಕೊಟ್ಟರೆ ವಾಪಸು ಹೋಗಿ ಕೇಳುತ್ತಿದ್ದವಳು ನೀನು.

ಇನ್ನು ನಾನು ಬೇಡುವುದಿಲ್ಲ. ಅಕ್ಟೋಬರ್ ಆದರೆ ಅಕ್ಟೋಬರ್. ಒಂದೇ ಮಾತು. ಈ ಸಾಲ ತೀರಿಸುವಾಗ ಯಾವ ದಂಡ ಬಿದ್ದರೂ, ಎಷ್ಟೇ ಬಿದ್ದರೂ, ಅದು ನನ್ನ ಮೇಲೆ. ನಿನಗೆ ಒಂದು ಪೆನ್ನಿಯ ನೆಪವೂ ಉಳಿಯಬಾರದು. ಈ ಕಾಗದವನ್ನೇ ಒಪ್ಪಂದ ಎಂದು ಡಬ್ಬಿಯಲ್ಲಿಟ್ಟುಕೋ. ವಕೀಲ ಹಾಲ್ಸಲ್ ಅವರಿಗೂ ಒಂದು ಪ್ರತಿ ಕಳಿಸಿದ್ದೇನೆ.

ಕ್ಲಿಫ್

*

ಮೋರ್ಕಮ್
6 ಸೆಪ್ಟೆಂಬರ್ 2009

ಕ್ಲಿಫ್,

ನಾಲ್ಕು ತಿಂಗಳಾಯಿತು. ನಿನ್ನ ಮೇ ತಿಂಗಳ ಕಾಗದಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲ ಎದ್ದೆ. ಆ ಕಾಗದವೂ ಡಬ್ಬಿಯಲ್ಲಿದೆ.

ಶಾಲೆಯಲ್ಲಿ ನನ್ನನ್ನು ಮುಖ್ಯ ಅಡುಗೆಯವಳನ್ನಾಗಿ ಮಾಡಿದರು. ಸಂಬಳ ಏರಿದ್ದರಿಂದ ಹೊಸ ಬ್ಯಾಂಕು ನನ್ನೊಬ್ಬಳ ಹೆಸರಿನಲ್ಲಿ ಸಾಲ ಕೊಡಲು ಎರಡು ಮಾತಿಲ್ಲದೆ ಒಪ್ಪಿದೆ, ನಾಲ್ಕೂ ಕಾಲಿಗೆ. ಅವರು ಮನೆ ನೋಡಲು ಕಳಿಸಿದವನು ನೀನು ಹಾಕಿದ ಹಿಂಬದಿಯ ಬಾಗಿಲು ತಟ್ಟಿ ನೋಡಿ, ಒಳ್ಳೆಯ ಕೆಲಸ ಎಂದ. ನನ್ನ ಗಂಡ ಹಾಕಿದ್ದು ಎಂದೆ. ಆಮೇಲೆ ಅವನು ಅರ್ಜಿ ನೋಡಿದ, ಅದರಲ್ಲಿ ಗಂಡನ ಜಾಗ ಖಾಲಿ ಇತ್ತು. ಪಾಪ, ಕೆಮ್ಮಿದ.

ಹಾಲ್ಸಲ್ ಎಲ್ಲ ಕಾಗದ ತಯಾರು ಮಾಡಿ ಅಕ್ಟೋಬರಿನಲ್ಲಿ ನಮ್ಮಿಬ್ಬರಿಗೂ ಒಂದೊಂದು ಪ್ರತಿ ಕಳಿಸುತ್ತಾರೆ. ನೀನು ಓದದೆ ಸಹಿ ಹಾಕಬಹುದು, ಅಭ್ಯಾಸವಿದೆಯಲ್ಲ.

ಇಂತಿ,
ಗ್ಲೆಂಡಾ ಟೌನ್ಲಿ

*

ಕಾರ್ನ್‌ಫೋರ್ತ್
14 ಸೆಪ್ಟೆಂಬರ್ 2009

ಗ್ಲೆಂಡಾ,

ಮುಖ್ಯ ಅಡುಗೆಯವಳು ಎಂದು ಕೇಳಿ ಸಂತೋಷ. ಹತ್ತು ವರ್ಷ ಮೊದಲೇ ಮಾಡಬೇಕಿತ್ತು.

ಗ್ರೇಂಜ್‌ನಲ್ಲಿ ಅದೇ ಬೀದಿಯಲ್ಲಿ ಇನ್ನೊಂದು ಸಿಕ್ಕಿದೆ. ಮೊದಲಿನದಕ್ಕಿಂತ ಚಿಕ್ಕದು, ಸಮುದ್ರ ಕಾಣುವುದಿಲ್ಲ, ರೈಲು ಹಳಿ ಕಾಣುತ್ತದೆ. ನವೆಂಬರ್ ಮಧ್ಯದ ತನಕ ಸಮಯ ಕೊಟ್ಟಿದ್ದಾರೆ. ಆದ್ದರಿಂದ ನಿನ್ನ ಬೆಂಚಿನಿಂದ ನಮ್ಮ ದೀಪ ಕಾಣುವುದಿಲ್ಲ. ಅಷ್ಟು ನಿಶ್ಚಿಂತೆಯಾಗಿರು.

ಬಾಗಿಲಿನ ಕೆಳಗಿನ ಕೀಲಿಗೆ ಚಳಿ ಬರುವ ಮೊದಲು ಎಣ್ಣೆ ಹಾಕು.

ಕ್ಲಿಫ್

*

ಮೋರ್ಕಮ್
21 ಅಕ್ಟೋಬರ್ 2009

ಡೆನೀಸ್ ಅವರಿಗೆ,

ಇದನ್ನು ಕ್ಲಿಫ್‌ಗೆ ಬರೆಯಬೇಕಿತ್ತು. ಅವನಿಗೆ ಬರೆದರೆ ಜೇಬಿಗೆ ಹಾಕಿಕೊಂಡು ಮರೆಯುತ್ತಾನೆ, ಒಗೆಯುವ ದಿನ ಮುದ್ದೆಯಾಗಿ ನಿಮ್ಮ ಕೈಗೇ ಸಿಗುತ್ತದೆ. ಅದಕ್ಕೆ ನೇರ ನಿಮಗೆ.

ಹಾಲ್ಸಲ್ ಕಳಿಸಿದ ಕಾಗದ ನಿಮಗೂ ಬಂದಿರಬೇಕು. ನನಗೆ ಹತ್ತನೇ ತಾರೀಕು ಶನಿವಾರ ಬಂತು. ಬಾಗಿಲಲ್ಲಿ ನಿಂತೇ ಓದಿದೆ. ಹಳೆಯ ಸಾಲ ತೀರಿಸುವ ದಿನ ಎಂದು ಹಾಕಿದ್ದಾರೆ, ಶುಕ್ರವಾರ, ಅಕ್ಟೋಬರ್ ಮೂವತ್ತು. ದಂಡದ ಅವಧಿ ಇರುವುದು ಮೂವತ್ತೊಂದು, ಶನಿವಾರ ಮುಗಿಯುವ ತನಕ. ಒಂದೇ ಒಂದು ದಿನ ಮೊದಲು. ಪೂರ್ತಿ ದಂಡ ಬೀಳುತ್ತದೆ, ಎರಡು ಸಾವಿರದ ಮುನ್ನೂರ ಎಪ್ಪತ್ತು ಪೌಂಡು. ಕ್ಲಿಫ್ ಬರೆದುಕೊಟ್ಟ ಪ್ರಕಾರ ಅದಷ್ಟೂ ನಿಮ್ಮಿಬ್ಬರ ಮೇಲೆ, ಅಂದರೆ ನಿಮ್ಮ ತಾಯಿಯ ಕ್ಯಾರವಾನಿನ ಮೇಲೆ. ಬಂಗಲೆಗೆ ಮುಂಗಡ ಕಟ್ಟಲು ಇಟ್ಟಿರುವುದೂ ಅದೇ ದುಡ್ಡು ಎಂದು ನನಗೆ ಅಂದಾಜಿದೆ. ಅದು ಹೋದರೆ ನಿಮ್ಮ ಈ ಎರಡನೇ ಬಂಗಲೆಯೂ ಹೋದೀತು.

ಯಾರದೂ ಕೆಟ್ಟ ಬುದ್ಧಿಯಲ್ಲ. ನಮ್ಮ ಕಡೆ ವಕೀಲರಿಗೆ ಮನೆ ವ್ಯವಹಾರ ಎಂದರೆ ಶುಕ್ರವಾರ, ವಾರದಲ್ಲಿ ಬೇರೆ ದಿನವೇ ಇಲ್ಲ. ತಿಂಗಳ ಕೊನೆಯಲ್ಲಿ ಮುಗಿಸಿ ಎಂದರೆ ಕೈ ತಾನಾಗಿ ಕೊನೆಯ ಶುಕ್ರವಾರಕ್ಕೆ ಹೋಗುತ್ತದೆ.

ಈಗ ನಿಜ ಹೇಳುತ್ತೇನೆ. ಆ ಕಾಗದವನ್ನು ಗಡಿಯಾರದ ಹಿಂದೆ ಇಟ್ಟು ಹನ್ನೊಂದು ದಿನ ಸುಮ್ಮನಿದ್ದೆ. ಆ ಹನ್ನೊಂದು ದಿನ ನನಗೆ ಎಷ್ಟು ಸುಖವಾಗಿತ್ತು ಎಂದರೆ, ಶಾಲೆಯಲ್ಲಿ ಹುಡುಗಿಯರು ಕೇಳಿದರು, ‘ಏನು ಗ್ಲೆಂಡಾ, ಲಾಟರಿ ಹೊಡೀತಾ?’ ಎಂದು. ನಾನೇನೂ ಮಾಡಬೇಕಿರಲಿಲ್ಲ. ಒಂದು ಸುಳ್ಳು ಹೇಳಬೇಕಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬೆಂಚಿನ ಮೇಲೆ ಕೂತು ಆಚೆಯ ದಡ ನೋಡಿದಾಗ, ಬೀಳಲಿ ಎಂದು ಜೋರಾಗಿಯೇ ಹೇಳಿದೆ. ನಾಯಿ ಕರೆದುಕೊಂಡು ಹೋಗುತ್ತಿದ್ದ ಒಬ್ಬರು ತಿರುಗಿ ನೋಡಿದರು.

ನಿನ್ನೆ ತಿಂಗಳ ಪತ್ರ ಬಂತು. ಇಬ್ಬರ ಹೆಸರಿನ ಕೊನೆಯ ಲಕೋಟೆ. ಡಬ್ಬಿಯಲ್ಲಿ ಇಡಲು ಹೋದೆ, 1982ರಿಂದ ಜೋಡಿಸಿಟ್ಟ ಕಾಗದವೆಲ್ಲ ಅಲ್ಲಿತ್ತು. ಗ್ಯಾಸು, ಕರೆಂಟು, ಅವನ ವ್ಯಾನಿನ ವಿಮೆ, ಎಲ್ಲವೂ ಸಮಯಕ್ಕೆ ಸರಿಯಾಗಿ ಕಟ್ಟಿದ್ದು. ನಾನು ಸುಂದರಿಯಾಗಿರಲಿಲ್ಲ, ಮಕ್ಕಳಾಗಲಿಲ್ಲ, ನನ್ನ ಹೆಣಿಗೆಯೂ ಕಚ್ಚುತ್ತಿತ್ತು. ಆದರೆ ಆ ಮನೆಯಲ್ಲಿ ಕಾಗದ ಓದುತ್ತಿದ್ದವಳು ನಾನು, ನಾನಿದ್ದಾಗ ಒಂದು ದಂಡವೂ ಬೀಳಲಿಲ್ಲ. ಇದೊಂದು ಕಣ್ಣೆದುರೇ ಬೀಳಲು ಬಿಟ್ಟರೆ ನಾನು ಯಾರಾಗಿ ಉಳಿಯುತ್ತೇನೆ ಎಂದು ತಿಳಿಯಲಿಲ್ಲ.

ಈ ಬೆಳಿಗ್ಗೆ ಹಾಲ್ಸಲ್‌ಗೆ ಫೋನು ಮಾಡಿದೆ. ‘ಎಲ್ಲಾರೂ ಶುಕ್ರವಾರಾನೇ ಮಾಡೋದು ಮೇಡಮ್’ ಎಂದರು. ಹದಿನಾಲ್ಕನೇ ಪುಟ ತೆಗೆಯಿರಿ ಎಂದೆ. ದಂಡದ ತಾರೀಕೂ ಅದೇ ಪುಟದಲ್ಲಿದೆ, ಗಟ್ಟಿಯಾಗಿ ಓದಿದರು. ಆಮೇಲೆ ಸೋಮವಾರ, ನವೆಂಬರ್ ಎರಡಕ್ಕೆ ಬದಲಿಸಲು ಒಪ್ಪಿದರು. ಕ್ಲಿಫ್ ಒಪ್ಪಿಗೆ ಬೇಕು. ಜೊತೆಗಿರುವ ಕಾಗದದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ, ಅಲ್ಲಿ ಸಹಿ ಹಾಕಿಸಿ ಕಳಿಸಿ.

ನಮ್ಮಿಬ್ಬರ ಹೆಸರು ಜೊತೆಗಿರಲು ಶನಿವಾರ, ಭಾನುವಾರ ಹೆಚ್ಚಿಗೆ ಸಿಕ್ಕಿತು ಎಂದು ನಾನು ಇದನ್ನು ಮಾಡಲಿಲ್ಲ. ಸಿಕ್ಕಿದ್ದು ನಿಜ.

ಇಂತಿ,
ಗ್ಲೆಂಡಾ ಟೌನ್ಲಿ

*

ಕಾರ್ನ್‌ಫೋರ್ತ್
25 ಅಕ್ಟೋಬರ್ 2009

ಗ್ಲೆಂಡಾ ಅವರಿಗೆ,

ಸಹಿ ಹಾಕಿಸಿ ಹಾಲ್ಸಲ್ ಅವರಿಗೆ ಕಳಿಸಿದೆ. ಧನ್ಯವಾದ ಎಂದಷ್ಟೇ ಬರೆದು ಮುಗಿಸಬಹುದಿತ್ತು, ಕ್ಲಿಫ್ ಹಾಗೇ ಮಾಡು ಎಂದರು. ಆದರೆ ನೀವು ನಿಜ ಹೇಳಿದ ಮೇಲೆ ನಾನು ಹೇಳದಿರುವುದು ಸರಿಯಲ್ಲ.

ತಾರೀಕು ತಪ್ಪಾಗಿದೆ ಎಂದು ನನಗೆ ಗೊತ್ತಿತ್ತು. ಹನ್ನೊಂದು ವರ್ಷ ಕೌಂಟರಿನಲ್ಲಿ ಕೂತವಳು, ಕಾಗದ ಬಂದ ದಿನವೇ ನೋಡಿದೆ. ರಾತ್ರಿ ಊಟಕ್ಕೆ ಕೂತಾಗ ಕ್ಲಿಫ್‌ಗೆ ಹೇಳಿ, ಸೋಮವಾರ ಹಾಲ್ಸಲ್‌ಗೆ ಫೋನು ಮಾಡುತ್ತೇನೆ ಎಂದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

‘ಬಿಡು. ಗ್ಲೆಂಡಾ ನೋಡಿರ್ತಾಳೆ. ಹೇಳ್ತಾಳೆ.’

‘ಹೇಳದೇ ಇದ್ರೆ? ಹಣ ಹೋಗೋದು ನಮ್ದು, ಅವರ‍್ದಲ್ಲ’ ಎಂದೆ.

‘ಹೇಳ್ತಾಳೆ’ ಎಂದರು, ಉಪ್ಪು ಕೇಳುವ ದನಿಯಲ್ಲಿ.

ಅಷ್ಟೇ. ಅವರು ಊಟ ಮುಗಿಸಿ ಫುಟ್‌ಬಾಲ್ ನೋಡಲು ಹೋದರು. ನಾನು ಪಾತ್ರೆ ತೊಳೆಯುತ್ತಾ ನಿಂತೆ, ನೀರು ತಣ್ಣಗಾಗುವ ತನಕ ನಿಂತೆ. ನೀವು ನಮ್ಮನ್ನು ಒಂಬತ್ತು ತಿಂಗಳು ಕಾಯಿಸಿದಿರಿ, ಒಂದು ಮನೆ ತಪ್ಪಿಸಿದಿರಿ, ನಿಮ್ಮ ಕಾಗದ ಬಂದಾಗಲೆಲ್ಲ ಈ ಮನೆಯಲ್ಲಿ ಎರಡು ದಿನ ಮಾತಿರುತ್ತಿರಲಿಲ್ಲ. ಆದರೂ ಅವರು ಎರಡು ಸಾವಿರ ಚಿಲ್ಲರೆ ಪೌಂಡನ್ನು ನಿಮ್ಮ ಮೇಲಿನ ನಂಬಿಕೆಗೆ ಬಿಟ್ಟು ಫುಟ್‌ಬಾಲ್ ನೋಡಬಲ್ಲರು. ನನ್ನ ಬಗ್ಗೆ ಅವರು ಹಾಗೆ ಯಾವತ್ತೂ ಹೇಳಿಲ್ಲ. ನಾನು ಬಾಗಿಲಿಗೆ ಬೀಗ ಹಾಕಿದೆ ಎಂದರೂ ಒಂದು ಸಲ ಎಳೆದು ನೋಡುತ್ತಾರೆ.

ನಾನು ಹಾಲ್ಸಲ್‌ಗೆ ಫೋನು ಮಾಡಲಿಲ್ಲ. ಕಾದೆ. ಪ್ರತಿ ಬೆಳಿಗ್ಗೆ ಅಂಚೆಯವನು ಬರುವ ಹೊತ್ತಿಗೆ ಕೆಳಗಿಳಿದು ಅಂಗಡಿ ಬಾಗಿಲಲ್ಲಿ ನಿಂತೆ. ನಿಮ್ಮ ಅಕ್ಷರ ಕಾಣದಿದ್ದರೆ ಹಗುರವಾಗುತ್ತಿತ್ತು. ಕ್ಯಾರವಾನಿನ ದುಡ್ಡು ಹೋದರೆ ಹೋಗಲಿ, ಆ ಮನೆಯೂ ಹೋಗಲಿ, ಅವರ ಮಾತು ಸುಳ್ಳಾಗಲಿ ಎಂದು ಬೇಡಿಕೊಂಡೆ. ಹನ್ನೊಂದು ದಿನ ಆದ ಮೇಲೆ ಗೆದ್ದೆ ಎಂದುಕೊಂಡಿದ್ದೆ. ಗುರುವಾರ ನಿಮ್ಮ ಲಕೋಟೆ ಬಂತು.

ಕ್ಲಿಫ್ ಅದನ್ನು ಪೂರ್ತಿ ಓದಿದರು. ಅವರು ಒಂದು ಕಾಗದವನ್ನು ಕೊನೆಯ ತನಕ ಓದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಡಿಸಿಟ್ಟು, ‘ಹೇಳಿದ್ನಲ್ಲ’ ಎಂದು ಟೋಸ್ಟಿಗೆ ಬೆಣ್ಣೆ ಹಚ್ಚಿಕೊಂಡರು.

ನೀವು ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತೀರಿ ಎಂದು ಒಂದು ವರ್ಷದಿಂದ ನಾನು ಒಳಗೊಳಗೆ ಬೀಗುತ್ತಿದ್ದೆ. ಅವರು ನನ್ನ ಮನೆಯಲ್ಲಿದ್ದಾರೆ, ಸರಿ. ಬೇಸಿಗೆ ಬಂದ ಮೇಲೆ ನಾನು ಹೆಣೆದ ಮಫ್ಲರ್ ತೆಗೆದಿಟ್ಟವರು ಈಗ ಚಳಿ ಬಂದರೂ ಹಾಕಿಕೊಂಡಿಲ್ಲ.

ವಿಶ್ವಾಸದಿಂದ,
ಡೆನೀಸ್

*

ಮೋರ್ಕಮ್
3 ನವೆಂಬರ್ 2009

ಡೆನೀಸ್,

ನಿನ್ನೆ ಬೆಳಿಗ್ಗೆ ಹನ್ನೊಂದೂ ನಲವತ್ತಕ್ಕೆ ಹಾಲ್ಸಲ್ ಫೋನು ಮಾಡಿದರು. ಹಳೆಯ ಸಾಲ ಚುಕ್ತಾ. ದಂಡ ಸೊನ್ನೆ. ನಾನು ಆಗ ಇನ್ನೂರು ಮಕ್ಕಳಿಗೆ ಆಲೂಗಡ್ಡೆ ಹಿಸುಕುತ್ತಿದ್ದೆ, ಸರಿ ಎಂದು ಹೇಳಿ ಮತ್ತೆ ಹಿಸುಕಿದೆ. ನೀವು ಈಗ ನಿಮ್ಮ ಬಂಗಲೆಯ ಸಾಲಕ್ಕೆ ಅರ್ಜಿ ಹಾಕಬಹುದು.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲ ಮೂರು ಸಲ ಸಕ್ಕರೆ ತಿಂದ ಹಾಗಿತ್ತು, ಸುಳ್ಳು ಯಾಕೆ ಹೇಳಲಿ. ಶನಿವಾರ ಪೂರ್ತಿ, ಭಾನುವಾರ ಪೂರ್ತಿ, ‘ಹೇಳ್ತಾಳೆ’ ಎನ್ನುವ ಆ ಒಂದು ಮಾತನ್ನು ಜೊತೆಯಲ್ಲಿಟ್ಟುಕೊಂಡು ಓಡಾಡಿದೆ. ಅವನು ಮದುವೆಯಲ್ಲಿ ಹಾಕಿದ ಉಂಗುರಕ್ಕಿಂತ ಅದು ಭಾರವಾಗಿತ್ತು. ನಾಲ್ಕನೇ ಸಲ ಓದುವಾಗ ಪಾತ್ರೆ ತೊಳೆಯುತ್ತಾ ನಿಂತ ನೀನು ಕಂಡೆ. ನೀರು ತಣ್ಣಗಾಗುವ ತನಕ ನಾನೂ ಆ ಥರ ನಿಂತಿದ್ದೇನೆ, ಈ ಮನೆಯ ಸಿಂಕಿನ ಎದುರು, ನಿನ್ನ ಹೆಸರು ಮೊದಲು ಕೇಳಿದ ರಾತ್ರಿ.

ಎಂಟು ತಿಂಗಳು ತಿಂಗಳಿಗೆ ನೂರರಂತೆ ನಾನು ಕೊಟ್ಟೆ. ನೀನು ಕ್ಯಾರವಾನ್ ಪೂರ್ತಿ ಕೊಡಲು ನಿಂತಿದ್ದೆ. ನಮ್ಮಿಬ್ಬರಿಂದ ಇಷ್ಟೆಲ್ಲ ಖರ್ಚು ಮಾಡಿಸುವಷ್ಟು ಅವನೇನೂ ಅಲ್ಲ ಎಂದು ಎಷ್ಟೋ ಸಲ ಅನಿಸುತ್ತದೆ. ಮರುಗಳಿಗೆ ಅನಿಸುವುದಿಲ್ಲ, ಅದೇ ಕಷ್ಟ.

ಮಫ್ಲರಿಗೆ ಒಳಗಡೆ ಹತ್ತಿಯ ಬಟ್ಟೆ ಹೊಲಿದು ಕೊಡು. ಆಗ ಕಚ್ಚುವುದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ತಡವಾಗಿ ಹೊಳೆಯಿತು.

ಮನೆಯ ಹೊಸ ಕಾಗದಗಳನ್ನು ನನ್ನ ತಂದೆಯ ಮನೆತನದ ಹೆಸರಿನಲ್ಲಿ ಮಾಡಿಸಿದ್ದೇನೆ. ಮದುವೆಯ ದಿನ ಬಿಬ್ಬಿ ಎನ್ನುವ ಆ ಹೆಸರು ತಪ್ಪಿತು ಎಂದು ಚರ್ಚಿನ ಮೆಟ್ಟಿಲ ಮೇಲೆ ನಕ್ಕಿದ್ದೆ. ಈಗ ಬರೆದು ಬರೆದು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ಇನ್ನು ಕಾಗದ ಬೇಡ. ಒಂದೇ ಮಾತು. ನಿಮ್ಮ ಹೊಸ ಸಾಲದ ದಂಡದ ಅವಧಿ ಎಷ್ಟೇ ವರ್ಷದ್ದಾಗಲಿ, ಮುಗಿಯುವ ತಾರೀಕನ್ನು ನೀನೇ ಬರೆದಿಟ್ಟುಕೋ. ಆ ವರ್ಷ ವಕೀಲರು ಮತ್ತೆ ಒಂದು ಶುಕ್ರವಾರ ಹಾಕಿ ಕಳಿಸುತ್ತಾರೆ. ಅವನು ತಟ್ಟೆಯಿಂದ ತಲೆ ಎತ್ತದೆ ಗ್ಲೆಂಡಾ ಹೇಳುತ್ತಾಳೆ ಎಂದರೆ, ಅವಳು ಇನ್ನು ಹೇಳುವುದಿಲ್ಲ ಎಂದು ನೀನು ಹೇಳು.

ಇಂತಿ,
ಗ್ಲೆಂಡಾ ಬಿಬ್ಬಿ